ಮಾವನವರ ಡಿಸ್ಕು

ಮೇಲೆ ಮಾವ ನಕ್ಕರು. ಶಶಿಕಿರಣನ ಕೈ ಮೌಸಿನ ಮೇಲೆ ಹಾಗೆಯೇ ನಿಂತಿತು. ಇನ್ನು ಸ್ವಲ್ಪ ಹೊತ್ತು ಕೆಲಸ ಸಾಗುವುದಿಲ್ಲ ಎಂದು ಅವನಿಗೆ ಗೊತ್ತು. ಕೆಳಗೆ ಫೋಟೊ ಸ್ಟುಡಿಯೊ, ಮೇಲೆ ಮನೆ, ನಡುವೆ ಇರುವುದು ಹಳೆಯ ಹಲಗೆಯ ಮಾಳಿಗೆ. ಮೇಲೆ ಚಮಚ ಬಿದ್ದರೂ ಕೆಳಗಿನವನಿಗೆ ವರದಿಯಾಗುವಂಥದು. ತಿಂಡಿಯಾದ ಮೇಲೆ ಅತ್ತೆ ಮೂಕಾಂಬಿಕಾ ಗಂಡನ ರಟ್ಟೆ ಹಿಡಿದು ನಡೆಸಿಕೊಂಡು ಬಂದು ಟೀವಿಯ ಎದುರು ಕೂರಿಸಿ, ಹೇಳಿದಂತೆ ಕೇಳುವ ಎಡಗೈಗೆ ರಿಮೋಟು ಕೊಡುತ್ತಾರೆ. ಆಮೇಲೆ ದಿನವೂ ಅದೇ. ಮೊದಲು ಡಿಸ್ಕಿನೊಳಗಿನ ಮಾವ ಗಣೇಶಮೂರ್ತಿಗಳ ಸ್ವರ, ಮೈಕಿಲ್ಲದೆಯೂ ಸಭೆಯ ಕೊನೆಯ ಸಾಲಿಗೆ ಮುಟ್ಟುತ್ತಿದ್ದ ಸ್ವರ. ಅದರ ಬೆನ್ನಿಗೇ ಕುರ್ಚಿಯ ಮೇಲಿನ ಗಣೇಶಮೂರ್ತಿಗಳ ಸ್ವರ, ಬಾಯ್ತುಂಬ ಬಿಸಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ. ಇಬ್ಬರದೂ ಒಂದೇ ವಾಕ್ಯ. ಇಡೀ ಡಿಸ್ಕಿನಲ್ಲಿ ಬೇಕಾದಷ್ಟು ಮಾತಿರುವಾಗ ಅವರು ಹಿಡಿದುಕೊಂಡು ಕೂತಿರುವುದು ಅದೊಂದನ್ನೇ. ವಾಕ್ಯ ಅರ್ಧದಲ್ಲಿ ಕುಸಿಯುತ್ತದೆ, ರಿಮೋಟಿನಿಂದ ಕುರ್ಚಿಯ ಕೈಗೆ ಟಪಟಪ ಬಡಿದ ಸದ್ದಾಗುತ್ತದೆ, ಕಡೆಗೆ ಆ ನಗು. ಲಕ್ವ ಹೊಡೆದವರ ನಗುವಿಗೆ ಅಂಕೆ ಇರುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರು. ಈ ನಗುವಿಗೆ ಅಂಕೆ ಇತ್ತು. ಇದು ಬೇಕೆಂದೇ ನಕ್ಕದ್ದು, ತನಗೆ ಕೇಳಲಿ ಎಂದೇ ನಕ್ಕದ್ದು ಎಂದು ಶಶಿಕಿರಣ ಎಂದೋ ತೀರ್ಮಾನಿಸಿಬಿಟ್ಟಿದ್ದ.

ತೀರ್ಮಾನಕ್ಕೆ ಕಾರಣ ಆ ವಾಕ್ಯವೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಶಲ್ಯದಲ್ಲಿ ಎದುರುಬದುರು ಕೂತವರು ಆ ಪದಕ್ಕೆ ಅರ್ಥ ಹೇಳುತ್ತ ವಾದಕ್ಕೆ ಇಳಿಯುತ್ತಾರೆ. ಪಾತ್ರದ ಹೆಸರು ಹೇಳಿಕೊಂಡು ಸಭೆಯಲ್ಲಿ ಕೂತವನ ಮರ್ಯಾದೆ ತೆಗೆಯುವುದಕ್ಕೂ ಅಲ್ಲಿ ಪರವಾನಗಿ ಉಂಟು. ಅಂದವನು ರಾಯಭಾರಿ, ಅನ್ನಿಸಿಕೊಂಡವನು ಅರಸು; ನಡುವೆ ಪೆಟ್ಟು ತಿಂದವನು ಎದ್ದು ನಿಂತು ಕೇಳಿದರೆ ಅವನೇ ಪೆದ್ದನಾಗುತ್ತಾನೆ. ಕಳೆದ ದೀಪಾವಳಿ ದಾಟಿದ ಮೇಲೆ ಶೃಂಗೇರಿಯ ಛತ್ರವೊಂದರಲ್ಲಿ ನಡೆದ ಕೂಟಕ್ಕೆ ಶಶಿಕಿರಣ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದ. ಮಾವನಿಗೆ ಖುಷಿಯಾದೀತು ಎಂಬ ಆಸೆ ಆಗಲೂ ಸತ್ತಿರಲಿಲ್ಲವಲ್ಲ, ಅದೇ ನಾಚಿಕೆಗೇಡು. "ಅಳಿಯಂದಿರೆ, ಇದು ಮದುವೆಮನೆ ಅಲ್ಲ. ಆ ಫಿರಂಗಿ ಹೊರಗೇ ಇರಲಿ," ಎಂದು ಅವರು ನಾಲ್ಕು ಜನರ ಎದುರು ಹೇಳಿದರು. ಅವನು ಕ್ಯಾಮೆರಾ ಕಾರಿನಲ್ಲಿಟ್ಟು ಬಂದು, ಕಂಬದ ಪಕ್ಕ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸಿ ನಿಂತ. ರಾಯಭಾರಿಯ ಅರ್ಥ ಮಾವನದು. ಅರಸು ನೆಲ ಕೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದ. ಮಾವ ಶಲ್ಯ ಸರಿಪಡಿಸಿಕೊಂಡು, ಕಂಬದ ಕಡೆಗೆ ಒಮ್ಮೆ ಕಣ್ಣು ಹಾಯಿಸಿ, ಸಾವಕಾಶವಾಗಿ ಅಂದರು: "ಅರಸಾ, ಮಂದಿಯ ಮುಖ ಮಾರಿ ಬದುಕುವವರೂ ಈ ಭೂಮಿಯ ಮೇಲಿದ್ದಾರೆ. ಅಂಥವರಿಗೂ ಹೆಣ್ಣು ಕೊಟ್ಟ ಪುಣ್ಯಾತ್ಮರಿದ್ದಾರೆ. ನೀನು ಅಂಗೈಯಗಲ ನೆಲ ಕೊಡಲಾರೆಯಾ?" ಛತ್ರ ಹಾರಿಹೋಗುವ ಹಾಗೆ ಜನ ನಕ್ಕರು. ತಲೆಗಳೆಲ್ಲ ಕಂಬದ ಕಡೆಗೆ ತಿರುಗಿದವು. ಶಶಿಕಿರಣನೂ ನಕ್ಕ, ನಗದೆ ಬೇರೆ ದಾರಿ ಇರಲಿಲ್ಲ. ಮಠದ ಪಾಠಶಾಲೆಯನ್ನು ಅರ್ಧಕ್ಕೆ ಬಿಟ್ಟು ಕ್ಯಾಮೆರಾ ಹಿಡಿದವನಿಗೆ ಮಗಳನ್ನು ಕೊಡಬೇಕಾಗಿ ಬಂದದ್ದನ್ನು ಆ ಮನುಷ್ಯ ಇಷ್ಟು ವರ್ಷ ಮನೆಯೊಳಗೆ ಇಟ್ಟುಕೊಂಡಿದ್ದರು. ಅಂದು ಅದಕ್ಕೆ ಒಳ್ಳೆಯ ವೇದಿಕೆ ಸಿಕ್ಕಿತು.

ಸಂಕ್ರಾಂತಿಯ ಹೊತ್ತಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಾಯಿ ಓರೆಯಾಯಿತು, ಆ ನಾಲಿಗೆ ಬಿದ್ದುಕೊಂಡಿತು. ವ್ಯಾಯಾಮ ಮಾಡಿಸುವವರು ಕೊಪ್ಪದಲ್ಲೇ ಇದ್ದಾರೆಂದು ಹೆಂಡತಿ ಶ್ರಾವ್ಯ ತನ್ನ ಅಪ್ಪ ಅಮ್ಮನನ್ನು ಇಲ್ಲಿಗೇ ಕರೆತಂದಳು. ಮುಖ ಮಾರಿ ಬದುಕುವವನ ಮನೆಯ ಅನ್ನ ಮಾವನ ಗಂಟಲಿಗೆ ಇಳಿಯುವುದನ್ನು ಶಶಿಕಿರಣ ಮೊದಲ ದಿನ ಬಾಗಿಲಲ್ಲಿ ನಿಂತು ನೋಡಿದ್ದ. ಅತ್ತೆ ತುತ್ತು ಕಲಸಿ ಕೊಡುತ್ತಿದ್ದರು, ಮಜ್ಜಿಗೆ ಗಲ್ಲದ ಮೇಲೆ ಇಳಿಯುತ್ತಿತ್ತು. ಅವನಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ ಜಾಗದ ಪಕ್ಕದಲ್ಲೇ ಇನ್ನೊಂದೇನೋ ಹಾಯಾಗಿ ಕಾಲು ಚಾಚಿ ಕೂತಿತ್ತು. ಒಂದು ದಿನ ಅತ್ತೆ ಹಿತ್ತಲಿಗೆ ಹೋದಾಗ ಮಾವ "ನೀ... ನೀ..." ಎಂದು ಚೊಂಬಿನ ಕಡೆ ಕಣ್ಣು ಮಾಡಿದರು. ನೀರು ಎಂದು ಗೊತ್ತಾಗಿತ್ತು. "ಎಂತ ಮಾವ?" ಎಂದ. ಅವರು ಮತ್ತೆ ಹೆಣಗಿದರು. "ಎಂತ? ಸ್ವಲ್ಪ ಬಿಡಿಸಿ ಹೇಳಿ," ಎಂದ. ಗಂಟೆಗಟ್ಟಲೆ ಅರ್ಥ ಹೇಳಿದವರ ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮಾತ್ರ ಬರಲಿಲ್ಲ. ಅತ್ತೆಯ ಕಾಲಸಪ್ಪಳ ಕೇಳಿದ ಮೇಲೆ ಅವನು ಚೊಂಬೆತ್ತಿ ಕೊಟ್ಟ. ಆಮೇಲೆ ಎರಡು ದಿನ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ, ಮೂರನೆಯ ದಿನ ಸೇರಿತು.

"ಭಟ್ರೆ, ಇದೊಂಚೂರು ನೋಡ್ಬೇಕಿತ್ತಲ್ಲ," ಎನ್ನುತ್ತ ಸೀತೂರಿನ ಯಶವಂತ ಒಳಗೆ ಬಂದ. ತೋಟದ ಕೆಲಸ ಮುಗಿಸಿ ಹಾಗೆಯೇ ಬೈಕು ಹತ್ತಿ ಬಂದಿದ್ದ ಹುಡುಗ. ಪೂಜೆ ಮಾಡದ ಭಟ್ಟನನ್ನು ಭಟ್ರೆ ಎಂದು ಕರೆದಾಗಲೆಲ್ಲ ಶಶಿಕಿರಣನಿಗೆ ಯಾರೋ ಹಿಂದೆ ನಿಂತು ನಕ್ಕಂತಾಗುತ್ತದೆ. ಯಶವಂತ ಒಂದು ಡಿಸ್ಕನ್ನೂ ತನ್ನ ಮೊಬೈಲನ್ನೂ ಮೇಜಿನ ಮೇಲಿಟ್ಟ. "ಗೃಹಪ್ರವೇಶದ್ದು. ನಾನೇ ತೆಗ್ದಿದ್ದು, ಡಿಸ್ಕಿಗೂ ನಾನೇ ಹಾಕಿದ್ದು. ಶುರುನಲ್ಲಿ ಚೆನ್ನಾಗೇ ಇದೆ. ಹೋಗ್ತಾ ಹೋಗ್ತಾ ಬಾಯಿ ಒಂದು ಕಡೆ, ಮಾತು ಒಂದು ಕಡೆ. ಊಟದ ಹೊತ್ತಿಗೆ ನಮ್ಮ ಚಿಕ್ಕಪ್ಪ ಬಾಯಿ ಮುಚ್ಕಂಡೇ ಮಾತಾಡ್ತಾರೆ ಮಾರಾಯ್ರೆ!"

"ಮೊಬೈಲಲ್ಲೇ ನೋಡಿದ್ರೆ ಆಗ್ತಿತ್ತಲ್ಲ."

"ಅಜ್ಜಿಗೆ ಡಿಸ್ಕೇ ಆಗ್ಬೇಕು. ಅವ್ರ ಪ್ಲೇಯರಿಗೆ ಬೇರೆ ಎಂತದೂ ಹಿಡಿಯಲ್ಲ."

ಶಶಿಕಿರಣ ಫೈಲು ತೆಗೆದು ನೋಡಿದ. ನೋಡುವ ಮೊದಲೇ ಕಾಯಿಲೆ ಗೊತ್ತಿತ್ತು. ಮೊಬೈಲಿಗೆ ಒಂದು ನಿಯತ್ತಿಲ್ಲ. ಬೆಳಕಿದ್ದಾಗ ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತದೆ, ಒಳಗೆ ಕತ್ತಲಾದರೆ ಇಪ್ಪತ್ತಕ್ಕೆ ಇಳಿಯುತ್ತದೆ, ಯಾರನ್ನೂ ಕೇಳುವುದಿಲ್ಲ. ಡಿಸ್ಕು ಹಾಗಲ್ಲ, ಅದಕ್ಕೆ ಇಪ್ಪತ್ತೈದು ಎಂದರೆ ಇಪ್ಪತ್ತೈದೇ. ಸಾಫ್ಟ್‌ವೇರು ಎಲ್ಲ ಚಿತ್ರಗಳನ್ನೂ ಒಂದೇ ಅಳತೆಯಲ್ಲಿ ಜೋಡಿಸಿಕೊಂಡು ಹೊರಡುತ್ತದೆ. ಧ್ವನಿ ಅದರ ಪಾಡಿಗೆ ಅದರ ನಡಿಗೆಯಲ್ಲಿ ನಡೆಯುತ್ತದೆ. ಮೊದಲು ಕೂದಲೆಳೆಯಷ್ಟು, ಆಮೇಲೆ ಬೆರಳಷ್ಟು, ಕಡೆಗೆ ಒಬ್ಬರಿಗೊಬ್ಬರು ಕೂಗಿದರೂ ಕೇಳದಷ್ಟು ದೂರ. ಮಾಡಬೇಕಾದದ್ದು ಇಷ್ಟು: ಡಿಸ್ಕಿಗೆ ಹಾಕುವ ಮೊದಲೇ ಚಿತ್ರವನ್ನು ಒಂದು ಲೆಕ್ಕಕ್ಕೆ ತಂದು ನಿಲ್ಲಿಸಿ, ಅದರ ಮೇಲೆ ಧ್ವನಿ ಕೂರಿಸಬೇಕು. ಸರಿಯಾಗಿ ಕೂತಿದೆಯೇ ಎಂದು ನೋಡಲು ತುಟಿ ನೋಡಬೇಕು. ಪ, ಬ, ಮ. ತುಟಿಗೆ ತುಟಿ ತಾಗದೆ ಆ ಅಕ್ಷರಗಳು ಹುಟ್ಟುವುದೇ ಇಲ್ಲ. ಚಿತ್ರದಲ್ಲಿ ತುಟಿ ತಾಗಿದ ಕಡೆಯೇ ಕಿವಿಗೆ ಮ ಕೇಳಬೇಕು. ಓಷ್ಠ್ಯ ಎಂದು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅಲ್ಲಿ ಕಲಿತದ್ದರಲ್ಲಿ ಹೊಟ್ಟೆಪಾಡಿಗೆ ಒದಗಿದ್ದು ಅದೊಂದೇ. ಯಶವಂತನ ಚಿಕ್ಕಪ್ಪ "ಪಾಯಸ ಬಡಿಸ್ರೋ" ಎಂದು ಕೂಗುವ ಜಾಗ ಹುಡುಕಿ, ತುಟಿ ಕೂಡುವುದನ್ನೂ ಪಾಯಸದ ಪಾ ಬರುವುದನ್ನೂ ಒಟ್ಟಿಗೆ ತೋರಿಸಿದ.

"ಇಷ್ಟೇನಾ?" ಎಂದ ಯಶವಂತ.

"ಇಷ್ಟೇ."

"ನಾನು ಅಷ್ಟು ದಿನದಿಂದ ಒದ್ದಾಡ್ತಿದ್ದೆ. ಗೊತ್ತಿದ್ದೋರಿಗೆ ಒಂದು ಚಿಟಿಕೆ ಕೆಲ್ಸ."

ಅಷ್ಟರಲ್ಲಿ ಮೇಲಿನಿಂದ ಆ ಕುಸಿದ ಸ್ವರ ಬಂತು, "ಮಂ... ಮಂ... ಮು..." ಯಶವಂತ ತಲೆ ಎತ್ತಿ ಮಾಳಿಗೆ ನೋಡಿದ. "ಯಾರದು? ಬೆಳಿಗ್ಗೆಯೇ ಹಾಕಿದ್ದಾರಾ ಹ್ಯಾಗೆ?" ಎಂದು ಹೆಬ್ಬೆರಳನ್ನು ಬಾಯಿಗೆ ಹಿಡಿದು ತೋರಿಸಿದ.

"ಟೀವಿ," ಎಂದ ಶಶಿಕಿರಣ. ಅಂದುಬಿಟ್ಟ. ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇಟ್ಟುಕೊಂಡಂತೆ ಬಂತು ಅದು.

ಮೇಲೆ ಡಿಸ್ಕು ಹಿಂದೆ ಹೋಗಿ ಮತ್ತೆ ಮುಂದೆ ಬಂತು. ಈಗ ಬಂದದ್ದು ಹಳೆಯ ಸ್ವರ. ಯಶವಂತನ ಮುಖ ಅರಳಿತು. "ಹೋ, ಇದು ಗಣೇಶಮೂರ್ತಿಗಳ ಅರ್ಥ ಅಲ್ವಾ! ನಮ್ಮೂರಿಗೂ ಬಂದಿದ್ರು. ಎಂಥಾ ಮಾತು ಮಾರಾಯ್ರೆ! ಈಗ ಹುಷಾರಿಲ್ಲ ಅಂದ್ರಲ್ಲ, ಹ್ಯಾಗಿದಾರೆ?"

"ಆರಾಮಿದ್ದಾರೆ." ಬೆನ್ನಿಗೇ ಮೇಲಿನಿಂದ ನಗು ಕೇಳಿತು. ಯಶವಂತ ಅದನ್ನೂ ಟೀವಿಯದೇ ಎಂದುಕೊಂಡು ತಾನೂ ನಕ್ಕು, ಸರಿಮಾಡಿಕೊಟ್ಟ ಡಿಸ್ಕು ಜೇಬಿಗಿಳಿಸಿ ಹೊರಟುಹೋದ.

ಇಷ್ಟೇನಾ, ಇಷ್ಟೇ. ಶಿವರಾತ್ರಿಗೆ ಮೊದಲು ಶ್ರಾವ್ಯ ಕೇಳಿಕೊಂಡಾಗಲೂ ಇಷ್ಟೇ ಇತ್ತು. "ಅಪ್ಪಯ್ಯನ ಸ್ವರ ಇರೂದು ನಿಮ್ಮ ಮೊಬೈಲಲ್ಲಿ ಮಾತ್ರ. ಒಂದು ಡಿಸ್ಕಿಗೆ ಹಾಕಿ ಕೊಡಿ, ನೋಡ್ತಾ ನೋಡ್ತಾ ಮಾತು ಬಂದ್ರೂ ಬಂತು." ಶಿವಮೊಗ್ಗದ ಮಾತಿನ ಡಾಕ್ಟರು ಕನ್ನಡಿ ಎದುರು ಕೂತು ತುಟಿ ಆಡಿಸಿ ಎಂದಿದ್ದರು; ಕನ್ನಡಿಯಲ್ಲಿ ಕಂಡ ಓರೆಬಾಯಿಯನ್ನು ನೋಡಿದ ಕೂಡಲೇ ಮಾವ ಕನ್ನಡಿಯನ್ನು ಮಗುಚಿ ಹಾಕಿದ್ದರು. ಅದಕ್ಕೇ ಡಿಸ್ಕಿನ ಯೋಚನೆ. ಶಶಿಕಿರಣ ಮಾಡಿದ. ಡಿಸ್ಕಿಗೆ ಹಾಕುವ ಮೊದಲು ಅಲ್ಲಲ್ಲಿ ನೋಡಿದ. ಮೊದಲ ಪದದಲ್ಲಿ ಎಲ್ಲ ಸರಿಯಿತ್ತು. ಕೂಟ ಮುಂದುವರಿದ ಹಾಗೆ ತುಟಿ ಹಿಂದೆ ಬೀಳುತ್ತ ಹೋಯಿತು. ಆ ವಾಕ್ಯದ ಹೊತ್ತಿಗೆ ಮಂದಿ ಎಂಬ ಮಾತು ಮುಗಿದ ಮೇಲೆ ಮಾವನ ತುಟಿ ಕೂಡುತ್ತಿತ್ತು. ಜನ ನಗುವಾಗ ಅವರು ಇನ್ನೂ ಬಾಯಿ ಆಡಿಸುತ್ತಲೇ ಇದ್ದರು, ಸದ್ದಿಲ್ಲದೆ, ನೀರಿನಿಂದ ಎತ್ತಿ ಹಾಕಿದ ಮೀನಿನ ಹಾಗೆ. ಅವನು ಅದನ್ನು ಎರಡು ಸಲ ನೋಡಿದ. ಚೆನ್ನಾಗಿ ಕಂಡಿತು. ಒಂದು ಚಿಟಿಕೆ ಕೆಲಸ ಎಂದು ಗೊತ್ತಿತ್ತು, ಆದರೂ ಹಾಗೆಯೇ ಡಿಸ್ಕಿಗೆ ಹಾಕಿದ. ಬೇಸರದಿಂದ ಮಾಡಿದೆನೋ, ಬೇಕೆಂದೇ ಮಾಡಿದೆನೋ ಎಂದು ಆಮೇಲೆ ತನ್ನನ್ನೇ ಕೇಳಿಕೊಂಡದ್ದುಂಟು. ಆದರೆ ಇನ್ನೊಂದು ಕೆಲಸವನ್ನೂ ಅವನು ಮಾಡಿದ್ದ. ರಿಮೋಟಿನ ಒಂದು ಗುಂಡಿ ಒತ್ತಿದರೆ ಮುಂದಿನ ಭಾಗಕ್ಕೆ ಹಾರುವ ಹಾಗೆ ಡಿಸ್ಕಿನಲ್ಲಿ ಗುರುತು ಹಾಕುವಾಗ, ಒಂದು ಗುರುತನ್ನು ಆ ವಾಕ್ಯದ ಮುಂದೆಯೇ ಇಟ್ಟಿದ್ದ. ನೋಡಲಿ, ತಾನು ಆಡಿದ್ದನ್ನು ತಾನೇ ನೋಡಲಿ ಎಂದು. ಇಂಥದನ್ನು ಬೇಸರದಿಂದ ಯಾರೂ ಮಾಡುವುದಿಲ್ಲ.

ಮೊದಲ ದಿನ ಡಿಸ್ಕು ನೋಡಿ ಶ್ರಾವ್ಯ, "ಸ್ವಲ್ಪ ಹಿಂದೆ ಮುಂದೆ ಇದ್ದ ಹಾಗಿದೆ ಅಲ್ಲ?" ಎಂದಿದ್ದಳು. "ಪ್ಲೇಯರು ಹಳೇದು. ಹಾಗೆ ಕಾಣ್ತದೆ," ಎಂದು ಅವನು ಮಾತು ಮುಗಿಸಿದ. ಗಂಡ ಆ ಕಸುಬಿನವನು, ಅವಳು ನಂಬಿದಳು. ಅಂದಿನಿಂದ ಆ ಡಿಸ್ಕು ಓಡುವಾಗ ಅವನು ಮೇಲೆ ಹೋಗುವುದನ್ನೇ ಬಿಟ್ಟ. ಮಾವ ಆ ಗುರುತಿಗೇ ಹಾರಿ ಆ ವಾಕ್ಯವನ್ನೇ ಹಿಡಿದುಕೊಂಡಾಗ ಬೆಂಕಿ ಬಿದ್ದದ್ದು ಇವನ ಹೊಟ್ಟೆಗೆ. ಓರೆಬಾಯಿಯಲ್ಲಿ ಜೊಲ್ಲು ಸುರಿಸಿಕೊಂಡಾದರೂ ಆ ಮುದುಕ ತನ್ನನ್ನು ಅದೇ ಮಾತಿನಲ್ಲಿ ಹಳಿಯುವುದನ್ನು ಕಲಿಯುತ್ತಿದ್ದಾನೆ, ಅಳಿಯನ ಮನೆಯಲ್ಲಿ ಕೂತು, ಅಳಿಯನ ತಲೆಯ ಮೇಲೆ. ಬೇರೆ ಮಾತು ಸಿಗಲಿಲ್ಲವೇ?

ಶ್ರಾವ್ಯ ಮೆಟ್ಟಿಲಿಳಿದು ಬಂದಳು. ಕೈಯಲ್ಲಿ ಫೋನಿತ್ತು, ಕಣ್ಣು ಕೆಂಪಾಗಿತ್ತು. ಡಾಕ್ಟರು ವಾರಕ್ಕೊಮ್ಮೆ ಫೋನಿನಲ್ಲೇ ಮುಖ ನೋಡಿ ವ್ಯಾಯಾಮ ಮಾಡಿಸುತ್ತಾರೆ; ಇವತ್ತು ಆ ದಿನ.

"ಎಂತ ಹೇಳಿದ್ರು?"

"ಸ್ವರ ಬರ್ತಾ ಉಂಟಂತೆ. ತುಟಿ ಮಾತ್ರ ತಡವಾಗಿ ಮುಚ್ಚುತ್ತಂತೆ. ಮ ಅನ್ನೂಕೆ ಹೋದ್ರೆ ಮೊದ್ಲು ಸ್ವರ ಬಿಟ್ಟು ಆಮೇಲೆ ತುಟಿ ಮುಚ್ತಾರೆ. ಹೀಗೆ ಯಾರೂ ಮಾಡೂದಿಲ್ಲ, ಇವ್ರು ಯಾರನ್ನ ನೋಡಿ ಕಲೀತಿದ್ದಾರೆ ಅಂತ ಕೇಳಿದ್ರು ಡಾಕ್ಟ್ರು."

ಅವನು ಪರದೆಯ ಕಡೆಗೇ ಮುಖ ಮಾಡಿಕೊಂಡಿದ್ದ.

"ನಾನೇ ಹೇಳಿದ್ದು ಅಪ್ಪಯ್ಯಂಗೆ, ಆ ವಾಕ್ಯ ಹಿಡ್ಕೊಳ್ಳಿ, ಅದ್ರಲ್ಲಿ ಬ ಭ ಮ ಎಲ್ಲ ಸಮಾ ಉಂಟು ಅಂತ. ಮಂದಿಯ ಮುಖ ಮಾರಿ ಬದುಕುವವರೂ ಭೂಮಿಯ ಮೇಲೆ... ಡಾಕ್ಟ್ರು ಕೊಟ್ಟ ಪಟ್ಟಿಗಿಂತ ಅದೇ ಒಳ್ಳೇದಿತ್ತು. ನಿಮ್ಗೆ ಬೇಜಾರಾಗ್ತದೆ ಅಂತ ಗೊತ್ತಿತ್ತು ನಂಗೆ. ಆದ್ರೂ..." ಅವಳು ಮೂಗು ಒರೆಸಿಕೊಂಡಳು. "ಅಪ್ಪಯ್ಯ ಮೊದ್ಲು ಬೇಡ ಅಂತ ತಲೆ ಆಡ್ಸಿದ್ರು. ನಾನೇ ಹಟ ಮಾಡಿದ್ದು. ಪ್ಲೇಯರು ಬೇರೆ ತಂದ್ರೆ ಸರಿಯಾಗ್ಬಹುದಾ?"

"ನೋಡ್ತೇನೆ," ಎಂದ. ಬೇಡ ಎಂದು ತಲೆ ಆಡಿಸಿದ ಮಾವನನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಬರಲಿಲ್ಲ. ಶಲ್ಯ ಸರಿಪಡಿಸಿಕೊಂಡು ಕಂಬದ ಕಡೆ ಕಣ್ಣು ಹಾಯಿಸುವ ಮಾವನೇ ಬಂದರು. ಶ್ರಾವ್ಯ ನಿಂತೇ ಇದ್ದಳು. ಈಗ ಹೇಳಬಹುದಿತ್ತು. ಪ್ಲೇಯರಿನದಲ್ಲ, ನನ್ನದು ತಪ್ಪು, ಗೊತ್ತಿದ್ದೂ ಬಿಟ್ಟೆ ಎಂದು ಒಂದು ಮಾತು. ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು, ಕೆಲವು ದಿನ ಮಾತು ಬಿಡುತ್ತಿದ್ದಳು, ಆಮೇಲೆ ಎಲ್ಲ ಮುಗಿಯುತ್ತಿತ್ತು. ಆದರೆ ಅವಳು ಆ ಗುರುತಿನ ವಿಷಯ ಕೇಳಿದರೆ? ಗುರುತಿನ ವಿಷಯ ಅವಳಿಗೆ ಹೊಳೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಬಾಯಿ ತೆರೆಯಲಿಲ್ಲ. ಅವಳು ಮೇಲೆ ಹೋದಳು.

ಬಾಗಿಲು ಅರ್ಧ ಮುಚ್ಚಿ ಅವನು ಆ ಫೈಲನ್ನು ತೆಗೆದ. ಚಿತ್ರವನ್ನು ಲೆಕ್ಕಕ್ಕೆ ತಂದ, ಧ್ವನಿಯನ್ನು ಕೂರಿಸಿದ. ಮದ್ದಳೆಯ ಮೇಲೆ ಬೆರಳು ಬಿದ್ದಲ್ಲೇ ಪೆಟ್ಟು ಕೇಳುವ ಹಾಗಾಯಿತು. ವಾಕ್ಯದ ಹತ್ತಿರ ಬಂದ. ಮಾವನ ತುಟಿ ಕೂಡಿತು, ಮ ಬಂತು. ಬಿಟ್ಟಿತು, ಕೂಡಿತು, ಮು ಬಂತು. ಎಷ್ಟು ಸರಿಯಾಗಿತ್ತೆಂದರೆ ಶಶಿಕಿರಣನಿಗೆ ಮತ್ತೊಮ್ಮೆ ಕಪಾಳಕ್ಕೆ ಬಿದ್ದಂತಾಯಿತು. ತಪ್ಪಿದ್ದಾಗ ಆ ಮಾತು ಎಲ್ಲಿಂದಲೋ ಬಂದ ಹಾಗಿತ್ತು, ಯಾರದೂ ಅಲ್ಲದ ಹಾಗೆ. ಈಗ ಅದು ಆ ಬಾಯಿಯಿಂದಲೇ, ಆ ಕೊಂಕುನಗೆಯ ಜೊತೆಯಲ್ಲೇ, ನೇರ ತನ್ನ ಮುಖಕ್ಕೇ ಬಂತು. ಆ ಒಂದು ತುಂಡು ಕತ್ತರಿಸಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಕತ್ತರಿಸಲಿಲ್ಲ. ಇಷ್ಟಾದರೂ ಒಳ್ಳೆಯವನಾಗೋಣ ಎಂದುಕೊಂಡ. ಒಳ್ಳೆಯವನಾಗುತ್ತಿದ್ದೇನೆ ಎಂಬ ಸಣ್ಣ ಸುಖ ಬೆನ್ನಿಗೇ ಬಂದು ನಿಂತದ್ದೂ ಅವನಿಗೆ ತಿಳಿಯಿತು. ಹೊಸ ಡಿಸ್ಕಿನ ಮೇಲೆ ಹಳೆಯದರ ಮೇಲಿದ್ದ ಹಾಗೆಯೇ, ಅದೇ ನೀಲಿ ಪೆನ್ನಿನಲ್ಲಿ, ಅದೇ ವಾರೆ ಅಕ್ಷರದಲ್ಲಿ ಬರೆದ. ಮಾವನನ್ನು ಸ್ನಾನಕ್ಕೆ ಕರೆದುಕೊಂಡು ಹೋದ ಹೊತ್ತು ನೋಡಿ ಮೇಲೆ ಹೋಗಿ, ಕಳ್ಳನ ಹಾಗೆ ಪ್ಲೇಯರಿನಿಂದ ಹಳೆಯದನ್ನು ತೆಗೆದು ಹೊಸದನ್ನು ಇಟ್ಟ. ಹಳೆಯ ಡಿಸ್ಕಿನ ಬೆನ್ನಿಗೆ ಬೆರಳಚ್ಚುಗಳು ಮೆತ್ತಿದ್ದವು. ಕೆಳಗೆ ತಂದು ಮಡಿಸಿದ. ಅದು ಬೇಗ ಮುರಿಯಲಿಲ್ಲ, ಮುರಿದಾಗ ಚೂರೊಂದು ಅಂಗೈಗೆ ತಾಗಿ ರಕ್ತ ಬಂತು. ಚೂರುಗಳನ್ನು ಹಾಳು ಫೋಟೊಗಳ ಜೊತೆ ಕಸದ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ.

ಮಧ್ಯಾಹ್ನ ಊಟವಾದ ಮೇಲೆ ಅವನು ಕೆಳಗೆ ಇಳಿಯದೆ ಟೀವಿಯ ಪಕ್ಕದ ಬೆಂಚಿನ ಮೇಲೆ ಕೂತಾಗ ಶ್ರಾವ್ಯ ಆಶ್ಚರ್ಯದಿಂದ ನೋಡಿದಳು. ಪ್ಲೇಯರನ್ನು ಏನೋ ಸರಿ ಮಾಡಿದ್ದೇನೆ ಎಂದ. ಮಾವ ಅವನ ಕಡೆ ನೋಡಲಿಲ್ಲ. ಸ್ನಾನವಾಗಿ ವಿಭೂತಿ ಹಚ್ಚಿದ್ದ ಹಣೆ, ಹೆಂಡತಿ ಬಾಚಿದ ಕೂದಲು, ಒಂದು ಪಕ್ಕಕ್ಕೆ ಜಾರಿದ ತುಟಿ. ಎಡಗೈ ರಿಮೋಟಿನ ಗುಂಡಿ ಒತ್ತಿತು, ಡಿಸ್ಕು ನೆಟ್ಟಗೆ ಆ ಗುರುತಿಗೆ ಹಾರಿತು. ಪರದೆಯ ಮೇಲೆ ಗಣೇಶಮೂರ್ತಿಗಳು ಶಲ್ಯ ಸರಿಪಡಿಸಿಕೊಂಡರು. "ಅರಸಾ, ಮಂದಿಯ ಮುಖ ಮಾರಿ ಬದುಕುವವರೂ ಈ ಭೂಮಿಯ ಮೇಲಿದ್ದಾರೆ." ಕುರ್ಚಿಯ ಮೇಲಿನವರು ಜೊತೆಗೇ ಹೊರಟಿದ್ದರು, "ಮಂ" ಎನ್ನುವಲ್ಲಿಗೆ ನಿಂತುಬಿಟ್ಟರು. ಹುಬ್ಬು ಗಂಟಿಕ್ಕಿತು. ಹಿಂದೆ ಹೋದರು. ಮತ್ತೆ ಕೇಳಿದರು. ಈ ಸಲ ಬಾಯಿಯನ್ನೇ ತೆರೆಯಲಿಲ್ಲ, ಕುತ್ತಿಗೆ ಮುಂದೆ ಮಾಡಿ ಬರೀ ನೋಡಿದರು. ಮತ್ತೊಮ್ಮೆ ಹಿಂದೆ ಹೋದರು. ಎಡಗೈಯ ಬೆರಳು ನಿಧಾನವಾಗಿ ಎದ್ದು ತಮ್ಮ ತುಟಿಯನ್ನು ಮುಟ್ಟಿ ನೋಡಿತು; ಪರದೆಯ ಮೇಲಿನವರ ತುಟಿ ಕೂಡಿ, ಬಿಟ್ಟು, ಕೂಡಿ, ಒಂದು ಅಕ್ಷರವೂ ಹಿಂದೆ ಬೀಳದೆ ಓಡಿತು. ಜನ ನಕ್ಕರು. ಪರದೆಯ ಗಣೇಶಮೂರ್ತಿಗಳು ಬಾಯಿ ಮುಚ್ಚಿಕೊಂಡು ಆ ನಗು ಇಳಿಯುವವರೆಗೆ ಗತ್ತಿನಿಂದ ಕಾದರು.

"ಎಂತ, ಇವತ್ತು ನಗೂದಿಲ್ವಾ?" ಎಂದು ಮೂಕಾಂಬಿಕಾ ಗಂಡನ ಗಲ್ಲ ಒರೆಸುತ್ತ ಕೇ‌ಳಿದರು. ಆಮೇಲೆ ಅಳಿಯನ ಕಡೆ ತಿರುಗಿದರು. "ದಿನಾ ಇಲ್ಲಿಗೆ ಬಂದ ಕೂಡ್ಲೇ ನಗೂದು ನೋಡಿ. ಟೀವಿ ಒಳಗಿನೋರ ಬಾಯಿಗೂ ಮಾತಿಗೂ ತಾಳೆ ಇರ್ತಿರ್ಲಿಲ್ಲ ಅಲ್ದಾ, ಅದನ್ನ ನನಗೆ ತೋರ್ಸೂದು. ಅವಂಗೂ ಮಾತು ಸಮಾ ಬತ್ತಿಲ್ಲೆ, ನಂಗೂ ಬತ್ತಿಲ್ಲೆ ಅಂತ ಕೈ ಮಾಡೂದು, ಕುರ್ಚಿಗೆ ಬಡಿಯೂದು, ನಗೂದು. ನಕ್ಕು ಮತ್ತೆ ಶುರು ಮಾಡೂದು. ಇಷ್ಟು ದಿನ ಹಟ ಬಿಡದೆ ಕೂತಿದ್ದೇ ಅದೊಂದು ಆಟ ಸಿಕ್ಕಿದ್ದಕ್ಕೆ. ಇಲ್ದಿದ್ರೆ ಇವ್ರೆಲ್ಲಿ, ತಪ್ಪು ಮಾತಾಡೂಕೆ ಒಪ್ಪೂದೆಲ್ಲಿ?"

ಶಶಿಕಿರಣನ ಅಂಗೈಯ ಗಾಯ ಚುಳ್ ಎಂದಿತು. ಆ ನಗು ತನ್ನ ಮೇಲಿನದಾಗಿರಲಿಲ್ಲ. ಆ ನಗುವಿನಲ್ಲಿ ಅವನು ಇರಲೇ ಇಲ್ಲ. ಆ ಮುದುಕನಿಗೆ ತನ್ನಂತೆಯೇ ತುಟಿ ತಪ್ಪುವ ಇನ್ನೊಬ್ಬ ಅರ್ಥಧಾರಿ ಟೀವಿಯೊಳಗೆ ಸಿಕ್ಕಿದ್ದ, ಮಾವ ಅವನ ಜೊತೆ ಸೇರಿ ದಿನವೂ ಬೀಳುತ್ತ ಏಳುತ್ತ ನಗುತ್ತಿದ್ದರು, ಅಷ್ಟೇ. ಆ ಅರ್ಥಧಾರಿಯನ್ನು ಈಗ ತಾನು ಕಸದ ಚೀಲಕ್ಕೆ ತುಂಬಿ ಬಂದಿದ್ದ. ಹಿಂದೆಂದೂ ಆಗದಷ್ಟು ನಾಚಿಕೆ ಅವನಿಗೆ ಆಯಿತು.

ಮಾವ ರಿಮೋಟನ್ನು ತೊಡೆಯ ಮೇಲಿಟ್ಟು ಮೊದಲ ಸಲ ಅವನ ಕಡೆ ತಿರುಗಿದರು. ಪ್ಲೇಯರನ್ನು ನೋಡಿದರು, ಅವನನ್ನು ನೋಡಿದರು. ಎಡಗೈ ಚಾಚಿದರು, ಅಂಗೈ ಮೇಲೆ ಮಾಡಿ, ಬೇಡುವವರ ಹಾಗೆ. ಕತ್ತಿನ ನರ ಉಬ್ಬಿತು.

"ಹಳೇದು," ಎಂದರು.

ಸ್ಪಷ್ಟವಾಗಿ ಬಂತು. ಮೂರು ತಿಂಗಳಲ್ಲಿ ಆ ಬಾಯಿಂದ ಅಂಥ ಮಾತು ಬಂದಿರಲಿಲ್ಲ. ಶ್ರಾವ್ಯ ಕಿರುಚಿಯೇಬಿಟ್ಟಳು. "ಅಮ್ಮಾ, ಕೇಳ್ತಾ? ಅಪ್ಪಯ್ಯ ಮಾತಾಡಿದ್ರು! ಹಳೇದು ಅಂದ್ರು!" ಮೂಕಾಂಬಿಕಾ ಸೆರಗಿನಿಂದ ಕಣ್ಣೊತ್ತಿಕೊಂಡರು. "ಎಂತ ಹಳೇದು ಅಪ್ಪಯ್ಯ? ಹಳೇ ಶಲ್ಯವಾ? ಹಳೇ ಮನೆಯಾ?" ಎಂದು ಶ್ರಾವ್ಯ ಮಂಡಿಯೂರಿ ಕೂತು ಕೇಳಿದಳು. ಮಾವ ಮಗಳ ಕಡೆ ನೋಡಲಿಲ್ಲ. ಅವರಿಗೆ ಗೊತ್ತಾಗಿತ್ತು. ಯಾರು ಮಾಡಿದ್ದು, ಎಲ್ಲಿ ಮಾಡಿದ್ದು ಎಂದು ಗೊತ್ತಾದವರ ಹಾಗೆಯೇ ಕೈ ಅವನ ಎದುರು ಚಾಚಿಕೊಂಡಿತ್ತು. ಆ ಕಣ್ಣಿನಲ್ಲಿ ಕೊಂಕು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬರೀ ಕೇಳಿಕೊಳ್ಳುತ್ತಿದ್ದರು. ಹೌದು ಎಂದರೆ ಸಾಕಿತ್ತು. ಹೌದು ಮಾವ, ಹಳೆಯದು ತಪ್ಪಿತ್ತು, ನಾನೇ ತಪ್ಪು ಮಾಡಿಟ್ಟಿದ್ದೆ, ಇವತ್ತು ಬದಲಿಸಿದೆ. ಹಾಗೆಂದರೆ ಶ್ರಾವ್ಯ ತಲೆ ಎತ್ತಿ ತನ್ನನ್ನು ನೋಡುತ್ತಾಳೆ.

"ಇದು ಅದೇ, ಮಾವ," ಎಂದ ಶಶಿಕಿರಣ. "ಇರೂದು ಒಂದೇ ಡಿಸ್ಕು. ಮೊದ್ಲಿಂದ್ಲೂ ಹೀಗೇ ಉಂಟು, ಪ್ಲೇಯರು ತಪ್ಪಿಸಿ ತೋರಿಸ್ತಿತ್ತು ಅಷ್ಟೇ."

ಮಾವ ಅವನ ತುಟಿಯನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದರು. ಹಾಗಾದರೆ ಟೀವಿಯೊಳಗಿನವನು ಎಂದೂ ತಪ್ಪಿರಲಿಲ್ಲ. ತಪ್ಪಿದ್ದು ತನ್ನ ಬಾಯಿ ಮಾತ್ರ. ಇಷ್ಟು ದಿನ ನಕ್ಕದ್ದು ತಾನೊಬ್ಬನೇ. ಇದೆಲ್ಲ ಆ ಮುಖದ ಮೇಲೆ ಒಂದೊಂದಾಗಿ ಇಳಿಯುವುದನ್ನು ಶಶಿಕಿರಣ ಬೆಂಚಿನ ಮೇಲೆ ಕೂತು ಕಂಡ. ತಡೆಯಬಹುದಿತ್ತು, ತಡೆಯಲಿಲ್ಲ. ಮಾವ ಪಾಠ ಒಪ್ಪಿಸಲಾಗದ ಹುಡುಗನ ಹಾಗೆ ತಲೆ ಆಡಿಸಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ರಿಮೋಟನ್ನು ಹೆಂಡತಿಯ ಮಡಿಲಿಗೆ ಹಾಕಿದರು. ಅತ್ತ ಶ್ರಾವ್ಯ ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ, "ಹೌದು ಡಾಕ್ಟ್ರೆ, ಈಗಷ್ಟೇ. ನಮ್ಮನೆಯೋರು ಪ್ಲೇಯರು ಸರಿ ಮಾಡಿದ್ರು, ಕೂಡ್ಲೇ ಬಂತು ನೋಡಿ ಮಾತು," ಎಂದು ಹೇಳುತ್ತಿದ್ದಳು. ಹೇಳುತ್ತ ಗಂಡನ ಕಡೆ ತಿರುಗಿ ನಕ್ಕಳು, ಅವನೂ ನಕ್ಕ.

ಆಮೇಲೆ ಮಾವ ಬಾಯಿ ತೆರೆದದ್ದು ಊಟಕ್ಕೆ ಮಾತ್ರ.